ಹಾಸಿಗೆ ಲೆಕ್ಕಕ್ಕೆ ಸಿಗದ ನರ್ಸಮ್ಮ

ಪ್ರತಿ ವರ್ಷ ಮೇ 12ರಂದು ನಮ್ಮ ಜಿಲ್ಲೆಯ ಆಸ್ಪತ್ರೆಗಳಲ್ಲಿ, ನರ್ಸಿಂಗ್ ಕಾಲೇಜುಗಳಲ್ಲಿ ಮೇಣದಬತ್ತಿ ಹಚ್ಚುತ್ತಾರೆ. ಫ್ಲಾರೆನ್ಸ್ ನೈಟಿಂಗೇಲ್ ಫೋಟೊಗೆ ಹಾರ, ಪ್ರತಿಜ್ಞಾವಿಧಿ, ಹಿರಿಯ ಸಿಸ್ಟರ್‌ಗಳಿಗೆ ಶಾಲು, ಸಂಘದ ಪದಾಧಿಕಾರಿಗಳ ಭಾಷಣ. ಮರುದಿನ ಪೇಪರಿನ ಒಳಪುಟದಲ್ಲಿ ಒಂದು ಫೋಟೊ. ಆ ಸುದ್ದಿಯನ್ನು ನಾವೂ ಬರೆದಿದ್ದೇವೆ, ಹೋದ ವರ್ಷದ್ದನ್ನೇ ತೆಗೆದು ಹೆಸರು ಬದಲಿಸಿ.

ಅದಕ್ಕೆ ಎರಡು ವಾರ ಮೊದಲು ಇನ್ನೊಂದು ದಿನ ಬರುತ್ತದೆ. ಏಪ್ರಿಲ್ 28, ದುಡಿಯುವ ಜಾಗದ ಸುರಕ್ಷತೆ ಮತ್ತು ಆರೋಗ್ಯದ ವಿಶ್ವ ದಿನ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ ಇದನ್ನು 2003ರಿಂದ ಆಚರಿಸುತ್ತಿದೆ. ಅವತ್ತು ಬ್ಯಾನರ್, ಹೆಲ್ಮೆಟ್, ಘೋಷಣೆ.

ಈ ಎರಡು ದಿನಗಳೂ ಸೇರುವ ಜಾಗದಲ್ಲಿ ಒಬ್ಬರು ಕೂತಿರುತ್ತಾರೆ. ಅವರು ನರ್ಸ್. ಆದರೆ ಕೆಲಸ ಮಾಡುವುದು ಆಸ್ಪತ್ರೆಯಲ್ಲಲ್ಲ, ಗಣಿಯ ಫಸ್ಟ್ ಏಡ್ ರೂಮಿನಲ್ಲಿ, ಕಾರ್ಖಾನೆಯ ಆಂಬುಲೆನ್ಸ್ ರೂಮಿನಲ್ಲಿ. ಮೇ 12ರ ವೇದಿಕೆಯವರು ಅವರನ್ನು ‘ಕಂಪನಿಯವರು’ ಅನ್ನುತ್ತಾರೆ. ಏಪ್ರಿಲ್ 28ರ ವೇದಿಕೆಯವರು ‘ಆಸ್ಪತ್ರೆಯವರು’ ಅನ್ನುತ್ತಾರೆ. ಎರಡೂ ಕಡೆ ಅವರಿಗೊಂದು ಕುರ್ಚಿ ಇಲ್ಲ.

ಸಂಡೂರು ತಾಲ್ಲೂಕಿನ ಅಂಥ ಒಬ್ಬ ನರ್ಸ್ ಜೊತೆ ಒಂದು ಮಧ್ಯಾಹ್ನ ಮಾತಾಡುತ್ತ ಕೂತಿದ್ದೆ. ಯಾವ ಜಾಗ, ಯಾವ ಕಂಪನಿ ಎಂದು ಬರೆಯುವುದಿಲ್ಲ, ಅವರ ಅನ್ನದ ಪ್ರಶ್ನೆ ಅದು. ಏಜೆನ್ಸಿ ಮೂಲಕ ಗುತ್ತಿಗೆ ನೌಕರಿ. ಟೇಬಲ್ ಮೇಲೆ ಒಂದು ದೊಡ್ಡ ರಿಜಿಸ್ಟರ್ ಇತ್ತು: ಬೆರಳು ಜಜ್ಜಿದ್ದು, ಕಣ್ಣಿಗೆ ಚೂರು ಬಿದ್ದದ್ದು, ಟಿಂಚರ್ ಹಚ್ಚಿದ್ದು. ಮಾತು ಬೆಳೆದ ಮೇಲೆ ಅವರು ತಮ್ಮ ಬ್ಯಾಗಿನಿಂದ ಇನ್ನೊಂದು ಪುಸ್ತಕ ತೆಗೆದರು. ಮಕ್ಕಳು ಶಾಲೆಗೆ ಒಯ್ಯುವ ನೂರು ಪುಟದ ನೋಟ್‌ಬುಕ್. ಯಾರು ಎಷ್ಟು ಸಲ ಕೆಮ್ಮು ಅಂತ ಬಂದರು, ಯಾರಿಗೆ ಎರಡೆರಡು ಸಲ ಕೂಗಿ ಹೇಳಬೇಕಾಗುತ್ತದೆ, ಯಾರ ಕೈ ನಡುಗುತ್ತದೆ ಎಂದೆಲ್ಲ ಅದರಲ್ಲಿ ಬರೆದಿಟ್ಟಿದ್ದರು. ಯಾರೂ ಬರೆ ಎಂದು ಹೇಳಿರಲಿಲ್ಲ.

‘ರಿಜಿಸ್ಟರ್‌ನಾಗ ಗಾಯಕ್ಕ ಕಾಲಂ ಐತಿ, ಕೆಮ್ಮಿಗೆ ಇಲ್ಲ. ಅದಕ್ಕ ಇದರಾಗ ಬರದೀನಿ’ ಎಂದರು. ಆಮೇಲೆ ಕೇಳಿದರು: ‘ಬರದಿದ್ದು ಆತು. ಇದನ್ನ ಯಾರಿಗೆ ಕೊಡ್ಲಿ ಹೇಳು ತಮ್ಮಾ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಈ ಲೇಖನ ಆ ಪ್ರಶ್ನೆಯ ಬಗ್ಗೆ.

ಮೊದಲು ಕಾನೂನು ನೋಡೋಣ. 1952ರ ಗಣಿ ಕಾಯ್ದೆಯ 21ನೇ ಸೆಕ್ಷನ್, 150ಕ್ಕಿಂತ ಹೆಚ್ಚು ಜನ ದುಡಿಯುವ ಪ್ರತಿ ಗಣಿಯಲ್ಲೂ ಫಸ್ಟ್ ಏಡ್ ರೂಮು ಇರಬೇಕು, ಅದು ವೈದ್ಯಕೀಯ ಮತ್ತು ಶುಶ್ರೂಷಾ ಸಿಬ್ಬಂದಿಯ ಉಸ್ತುವಾರಿಯಲ್ಲಿರಬೇಕು ಎಂದಿತು. 1948ರ ಕಾರ್ಖಾನೆ ಕಾಯ್ದೆಯ 45ನೇ ಸೆಕ್ಷನ್, 500ಕ್ಕಿಂತ ಹೆಚ್ಚು ಜನರಿರುವ ಕಾರ್ಖಾನೆಗೆ ಆಂಬುಲೆನ್ಸ್ ರೂಮಿನ ವಿಷಯದಲ್ಲಿ ಇದೇ ಮಾತು ಹೇಳಿತು. ಅಂದರೆ ಗಣಿಯಲ್ಲಿ ನರ್ಸ್ ಇರುವುದು ಮಾಲೀಕರ ಔದಾರ್ಯದಿಂದಲ್ಲ, ಪಾರ್ಲಿಮೆಂಟು ಬರೆದದ್ದರಿಂದ. ಗಣಿ ನಿಯಮಗಳ ಪ್ರಕಾರ ಕೆಲಸಕ್ಕೆ ಸೇರುವಾಗ ಒಂದು ತಪಾಸಣೆ, ಆಮೇಲೆ ಐದು ವರ್ಷಕ್ಕೊಮ್ಮೆ ಇನ್ನೊಂದು. ಸಿಲಿಕೋಸಿಸ್, ನರಗಳಿಗೆ ತಗಲುವ ಮ್ಯಾಂಗನೀಸ್ ವಿಷಬಾಧೆ ಇವೆರಡೂ ಗಣಿ ಕಾಯ್ದೆಯಡಿ ಅಧಿಸೂಚಿತ ಕಾಯಿಲೆಗಳು. ಕಂಡರೆ ಸರ್ಕಾರಕ್ಕೆ ತಿಳಿಸಲೇಬೇಕು.

ಕಂಡರೆ. ಎಲ್ಲ ಈ ಒಂದು ಪದದ ಮೇಲೆ ನಿಂತಿದೆ. ಕಾಣುವವರು ಯಾರು?

ಸಂಡೂರಿನ ಗುಡ್ಡಗಳಲ್ಲಿ ಕಬ್ಬಿಣದ ಅದಿರಿನ ಜೊತೆ ಮ್ಯಾಂಗನೀಸೂ ಇದೆ. ಮ್ಯಾಂಗನೀಸ್ ದೂಳು ವರ್ಷಗಟ್ಟಲೆ ಮೈಸೇರಿದರೆ ಮೊದಲು ಬರುವುದು ನೋವಲ್ಲ. ಮನುಷ್ಯ ಮಂಕಾಗುತ್ತಾನೆ, ಕಾರಣವಿಲ್ಲದೆ ಸಿಡುಕುತ್ತಾನೆ, ಇಲ್ಲವೇ ನಗುತ್ತಾನೆ. ಮುಖದಲ್ಲಿ ಭಾವ ಕಡಿಮೆಯಾಗುತ್ತದೆ. ನಡಿಗೆ ಬದಲಾಗುತ್ತದೆ. ಅಕ್ಷರ ಸಣ್ಣದಾಗುತ್ತ ಹೋಗುತ್ತದೆ. ಮನೆಯವರು ‘ಕುಡಿತ ಜಾಸ್ತಿ ಆಗೇತಿ’ ಅನ್ನುತ್ತಾರೆ. ಐದು ವರ್ಷಕ್ಕೊಮ್ಮೆ ಹತ್ತು ನಿಮಿಷ ನೋಡುವ ಡಾಕ್ಟರಿಗೆ ಇದು ಗೊತ್ತಾಗುವುದು ಕಷ್ಟ, ಅವರು ಎಷ್ಟೇ ಒಳ್ಳೆಯವರಿರಲಿ. ಹೋದ ವರ್ಷ ಈ ಮನುಷ್ಯ ಹೇಗೆ ಸಹಿ ಹಾಕುತ್ತಿದ್ದ, ಈಗ ಹೇಗೆ ಹಾಕುತ್ತಿದ್ದಾನೆ ಎಂದು ಹೋಲಿಸಬಲ್ಲವರು ದಿನಾ ಅಲ್ಲೇ ಕೂತಿರುವ ನರ್ಸ್ ಮಾತ್ರ. ಕಿವಿಯದ್ದೂ ಹಾಗೇ. ಡ್ರಿಲ್ಲಿಂಗ್, ಕ್ರಷರ್ ಶಬ್ದಕ್ಕೆ ಕಿವಿ ಒಂದೇ ದಿನ ಹೋಗುವುದಿಲ್ಲ, ಸ್ವಲ್ಪ ಸ್ವಲ್ಪವೇ ಹೋಗುತ್ತದೆ. ಕಿವಿ ಹೋದವನಿಗೇ ಅದು ಕೊನೆಗೆ ಗೊತ್ತಾಗುವುದು.

ಇದು ಹೊಸ ಪಾಠವಲ್ಲ. ನಮ್ಮದೇ ರಾಜ್ಯದ ಕೋಲಾರದ ಚಿನ್ನದ ಗಣಿಗಳಲ್ಲಿ 1940ರ ದಶಕದಲ್ಲಿ ಎಕ್ಸ್‌ರೇ ತೆಗೆದು ನೋಡಿದಾಗ, ಪರೀಕ್ಷೆಗೊಳಗಾದ ಸಾವಿರಾರು ಕಾರ್ಮಿಕರಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಜನರಿಗೆ ಸಿಲಿಕೋಸಿಸ್ ಕಂಡಿತ್ತು. ಅಲ್ಲಿ ಗಣಿಗಾರಿಕೆ ಶುರುವಾಗಿ ಆಗಲೇ ಅರ್ಧ ಶತಮಾನ ದಾಟಿತ್ತು. ಅಷ್ಟು ವರ್ಷ ಅವರು ಕೆಮ್ಮಲಿಲ್ಲವೇ? ಕೆಮ್ಮಿದರು. ಎಣಿಸಿದವರು ಇರಲಿಲ್ಲ.

ಈಗ ಸಂಘಗಳ ವಿಚಾರಕ್ಕೆ ಬರೋಣ. ನನ್ನ ತಕರಾರು ಇರುವುದು ಇಲ್ಲಿ.

ನಮ್ಮಲ್ಲಿ ನರ್ಸ್‌ಗಳಿಗೆ ಸಂಘಗಳಿಲ್ಲ ಎಂದಲ್ಲ. ಭಾರತೀಯ ತರಬೇತಿ ಪಡೆದ ನರ್ಸ್‌ಗಳ ಸಂಘ, ಟಿಎನ್‌ಎಐ, 1908ರಲ್ಲಿ ಹುಟ್ಟಿದ್ದು. ಅದರ ಪತ್ರಿಕೆ 1910ರಿಂದ ಬರುತ್ತಿದೆ. ಸರ್ಕಾರಿ ನರ್ಸ್‌ಗಳಿಗೆ ಬೇರೆ ಸಂಘಗಳಿವೆ. ಅವರು ಹೋರಾಡಿ ಗೆದ್ದದ್ದೂ ಇದೆ. ಖಾಸಗಿ ಆಸ್ಪತ್ರೆ ನರ್ಸ್‌ಗಳ ಸಂಬಳದ ಬಗ್ಗೆ ಟಿಎನ್‌ಎಐ ಸುಪ್ರೀಂ ಕೋರ್ಟಿಗೆ ಹೋಯಿತು. 2016ರ ಜನವರಿ 29ರಂದು ಕೋರ್ಟು ತಜ್ಞರ ಸಮಿತಿ ಮಾಡಿ ಎಂದಿತು. ಸಮಿತಿ ಶಿಫಾರಸು ಕೊಟ್ಟಿತು: 50ಕ್ಕಿಂತ ಕಡಿಮೆ ಹಾಸಿಗೆಯ ಆಸ್ಪತ್ರೆಯಲ್ಲೂ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಇರಬಾರದು. 200ಕ್ಕಿಂತ ಹೆಚ್ಚು ಹಾಸಿಗೆ ಇದ್ದರೆ ಸರ್ಕಾರಿ ನರ್ಸ್‌ಗೆ ಸಮನಾಗಿ ಕೊಡಬೇಕು. ಇದು ಸಣ್ಣ ಗೆಲುವಲ್ಲ. ಅದಕ್ಕಾಗಿ ಓಡಾಡಿದವರಿಗೆ ನಮಸ್ಕಾರ.

ಆದರೆ ಆ ಅಳತೆಗೋಲು ನೋಡಿ. ಹಾಸಿಗೆ. ಐವತ್ತು ಹಾಸಿಗೆ, ನೂರು ಹಾಸಿಗೆ, ಇನ್ನೂರು ಹಾಸಿಗೆ. ನಮ್ಮ ದೇಶದಲ್ಲಿ ನರ್ಸ್ ಎಂದರೆ ಹಾಸಿಗೆಯ ಪಕ್ಕ ನಿಂತವರು. ಸಂಬಳ ಹಾಸಿಗೆ ಲೆಕ್ಕದಲ್ಲಿ, ಹುದ್ದೆ ಹಾಸಿಗೆ ಲೆಕ್ಕದಲ್ಲಿ. ಗಣಿಯ ಫಸ್ಟ್ ಏಡ್ ರೂಮಿನಲ್ಲಿ ಇರುವುದು ಒಂದು ಮಂಚ. ಅದರ ಮೇಲೆ ಯಾರೂ ಮಲಗದಂತೆ ನೋಡಿಕೊಳ್ಳುವುದೇ ಅಲ್ಲಿನ ನರ್ಸ್‌ನ ಕೆಲಸ. ಅವರ ಕೆಲಸ ಚೆನ್ನಾಗಿ ನಡೆದರೆ ಹಾಸಿಗೆ ಖಾಲಿ ಇರುತ್ತದೆ. ಹಾಸಿಗೆ ಎಣಿಸುವ ಲೆಕ್ಕದಲ್ಲಿ ಅವರು ಸೊನ್ನೆ.

ಡಾಕ್ಟರುಗಳು ಇದನ್ನು ಯಾವಾಗಲೋ ಅರ್ಥ ಮಾಡಿಕೊಂಡರು. ಕೈಗಾರಿಕೆಗಳಲ್ಲಿ ದುಡಿಯುವ ವೈದ್ಯರ ಭಾರತೀಯ ಔದ್ಯೋಗಿಕ ಆರೋಗ್ಯ ಸಂಘ 1948ರಷ್ಟು ಹಿಂದಿನದು. ಅದಕ್ಕೆ ಪತ್ರಿಕೆ ಇದೆ, ಸಮ್ಮೇಳನಗಳಿವೆ, ಕರ್ನಾಟಕದಲ್ಲಿ ಶಾಖೆ ಇದೆ. ಕಾರ್ಖಾನೆ ಡಾಕ್ಟರಾಗಲು ಎಎಫ್‌ಐಎಚ್ ಎಂಬ ಮೂರು ತಿಂಗಳ ಕೋರ್ಸ್ ಇದೆ. ಒಬ್ಬ ಕಾರ್ಖಾನೆ ಡಾಕ್ಟರಿಗೆ ಆಡಳಿತ ಮಂಡಳಿ ‘ಈ ರಿಪೋರ್ಟ್ ಬದಲಾಯಿಸಿ’ ಎಂದರೆ, ‘ನಮ್ಮ ವೃತ್ತಿ ಇದನ್ನು ಒಪ್ಪುವುದಿಲ್ಲ’ ಎನ್ನಲು ಬೆನ್ನ ಹಿಂದೆ ಒಂದು ಹೆಸರಿದೆ. ಅದೇ ರೂಮಿನ ನರ್ಸ್‌ಗೆ ಏನಿದೆ? ಏಜೆನ್ಸಿಯ ಸೂಪರ್‌ವೈಸರ್ ನಂಬರು.

ಹೊರಗಿನ ಚರಿತ್ರೆಯನ್ನೂ ಸ್ವಲ್ಪ ನೋಡಿ. 1878ರಲ್ಲಿ ಇಂಗ್ಲೆಂಡಿನ ನಾರ್ವಿಚ್‌ನಲ್ಲಿ ಕೋಲ್ಮನ್ ಸಾಸಿವೆ ಕಾರ್ಖಾನೆ ಫಿಲಿಪಾ ಫ್ಲವರ್‌ಡೇ ಎಂಬ ನರ್ಸ್‌ನ್ನು ನೇಮಿಸಿಕೊಂಡಿತು. 1895ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ಅಮೃತಶಿಲೆಯ ಕಂಪನಿಯೊಂದು ಏಡಾ ಸ್ಟುವರ್ಟ್ ಎಂಬವರನ್ನು ನೇಮಿಸಿತು. ಅದೂ ನಮ್ಮ ಹಾಗೆ ಕಲ್ಲು ಅಗೆಯುವ ಊರೇ. ಆಕೆ ಕಾರ್ಮಿಕರ ಮನೆಮನೆಗೆ ಹೋಗುತ್ತಿದ್ದರು. ಆದರೆ ಹೀಗೆ ಚದುರಿ ದುಡಿಯುತ್ತಿದ್ದ ಅಮೆರಿಕದ ನರ್ಸ್‌ಗಳು ಸೇರಿ ರಾಷ್ಟ್ರಮಟ್ಟದ ಒಂದು ಸಂಘ ಕಟ್ಟಿದ್ದು 1942ರಲ್ಲಿ. 1972ರ ಹೊತ್ತಿಗೆ ಅವರಿಗೆ ಪರೀಕ್ಷೆ ನಡೆಸಿ ಅರ್ಹತಾಪತ್ರ ಕೊಡುವ ಮಂಡಳಿಯೂ ಬಂತು. ಒಂಟಿ ನರ್ಸ್‌ನಿಂದ ಸಂಘಕ್ಕೆ ಬರಲು ಅವರಿಗೆ ಹತ್ತಿರ ಹತ್ತಿರ ಐವತ್ತು ವರ್ಷ ಹಿಡಿಯಿತು. ನಮ್ಮ ಗಣಿ ಕಾಯ್ದೆಗೆ ಎಪ್ಪತ್ತು ದಾಟಿದೆ. ನಾವಿನ್ನೂ ಒಂಟಿ ನರ್ಸ್ ಹತ್ತಿರವೇ ಇದ್ದೇವೆ.

‘ಸಂಘ ಬಂದರೆ ಏನಾಗುತ್ತೆ? ಇನ್ನೊಂದು ಬೋರ್ಡು, ಇನ್ನೊಂದು ಶಾಲು’ ಎಂದು ನೀವು ಹೇಳಬಹುದು. ಶಾಲಿನ ಸಂಘವಾದರೆ ಬೇಡವೇ ಬೇಡ. ನಾನು ಹೇಳುತ್ತಿರುವ ಸಂಘಕ್ಕೆ ಮೂರು ಕೆಲಸಗಳಿವೆ. ಅವನ್ನು ಬೇರೆ ಯಾರೂ ಮಾಡಲಾಗದು. ನರ್ಸಿಂಗ್ ಕೌನ್ಸಿಲ್ ನೋಂದಣಿ ಮಾಡುತ್ತದೆ, ಅಷ್ಟೇ ಅದರ ಮಿತಿ. ಟ್ರೇಡ್ ಯೂನಿಯನ್ ಕೂಲಿಗೆ ಹೋರಾಡುತ್ತದೆ. ವೃತ್ತಿಪರ ಸಂಘ ಹೇಳಬೇಕಾದದ್ದು ‘ಈ ಕೆಲಸವನ್ನು ಹೇಗೆ ಮಾಡಬೇಕು, ಯಾವುದನ್ನು ಮಾಡಲೇಬಾರದು’ ಎಂಬುದನ್ನು.

ಮೊದಲನೆಯದು ಗುಟ್ಟಿನ ಪ್ರಶ್ನೆ. ಕಾರ್ಮಿಕರು ಫಸ್ಟ್ ಏಡ್ ರೂಮಿಗೆ ಬಂದು ‘ಎದೆ ಹಿಡಿದಂಗ ಆಗ್ತತಿ’ ಎನ್ನಲು ಹೆದರುತ್ತಾರೆ. ಹೇಳಿದರೆ ‘ಅನ್‌ಫಿಟ್’ ಅಂತ ಬರೆದು ಮನೆಗೆ ಕಳಿಸುತ್ತಾರೆ ಎಂಬ ಭಯ. ಸುಳ್ಳು ಭಯವಲ್ಲ ಅದು. ಹಾಗಾಗಿ ಕಾರ್ಮಿಕನ ಕಣ್ಣಿಗೆ ನರ್ಸ್ ಕಂಪನಿಯ ಕಿವಿ. ಔದ್ಯೋಗಿಕ ಆರೋಗ್ಯದ ಅಂತಾರಾಷ್ಟ್ರೀಯ ಆಯೋಗ, ಐಕೊ, 1992ರಲ್ಲೇ ಒಂದು ನೀತಿಸಂಹಿತೆ ಮಾಡಿತು. ಅದು ಡಾಕ್ಟರಿಗೂ ಅನ್ವಯ, ನರ್ಸ್‌ಗೂ ಅನ್ವಯ. ಸಾರಾಂಶ ಇಷ್ಟು: ಮಾಲೀಕನಿಗೆ ತಿಳಿಯಬೇಕಾದದ್ದು ಈ ವ್ಯಕ್ತಿ ಈ ಕೆಲಸಕ್ಕೆ ಯೋಗ್ಯನೇ, ಯಾವ ಮಿತಿಯಲ್ಲಿ ಎಂಬುದು ಮಾತ್ರ. ಕಾಯಿಲೆಯ ವಿವರ ಕಾರ್ಮಿಕನದು. ಇದನ್ನು ಗೋಡೆಗೆ ಅಂಟಿಸಿಕೊಂಡು ‘ನಾನು ಇದರ ಪ್ರಕಾರ ನಡೆಯುತ್ತೇನೆ’ ಎಂದು ಮ್ಯಾನೇಜರಿಗೆ ಹೇಳಲು ಒಬ್ಬ ಗುತ್ತಿಗೆ ನರ್ಸ್‌ಗೆ ಸಾಧ್ಯವಿಲ್ಲ. ಸಂಘದ ಲೆಟರ್‌ಹೆಡ್ಡಿನಲ್ಲಿ ಬಂದರೆ ಸಾಧ್ಯ.

ಎರಡನೆಯದು ಕಲಿಕೆ. ನರ್ಸಿಂಗ್ ಓದುವಾಗ ಸಮುದಾಯ ಆರೋಗ್ಯದ ಪುಸ್ತಕದಲ್ಲಿ ಔದ್ಯೋಗಿಕ ಆರೋಗ್ಯಕ್ಕೆ ಕೆಲವು ಪುಟಗಳಿರುತ್ತವೆ. ಪರೀಕ್ಷೆ ಮುಗಿದರೆ ಅದೂ ಮುಗಿಯಿತು. ಶ್ವಾಸಕೋಶದ ಬಲ ಅಳೆಯುವ ಸ್ಪೈರೊಮೆಟ್ರಿಯನ್ನು ಸರಿಯಾಗಿ ಊದಿಸುವುದೇ ಒಂದು ವಿದ್ಯೆ. ಅರೆಮನಸ್ಸಿನಿಂದ ಊದಿಸಿದರೆ ರಿಪೋರ್ಟೇ ಸುಳ್ಳಾಗುತ್ತದೆ. ಕಿವಿ ಪರೀಕ್ಷೆಯನ್ನು ಶಬ್ದದ ಪಾಳಿ ಮುಗಿದ ತಕ್ಷಣ ಮಾಡಬಾರದು, ಕಿವಿಗೆ ವಿಶ್ರಾಂತಿ ಕೊಟ್ಟು ಮಾಡಬೇಕು. ಇಂಥದ್ದನ್ನು ಒಬ್ಬ ನರ್ಸ್ ಇನ್ನೊಬ್ಬ ನರ್ಸ್‌ಗೆ ಕಲಿಸಬೇಕು. ಆದರೆ ದೋಣಿಮಲೈನವರಿಗೆ ತೋರಣಗಲ್ಲಿನವರ ಪರಿಚಯವಿಲ್ಲ, ಹೊಸಪೇಟೆ ಕಡೆಯವರಿಗೆ ಇಬ್ಬರ ಪರಿಚಯವೂ ಇಲ್ಲ. ತಿಂಗಳಿಗೊಮ್ಮೆ ಸೇರಿ ಮಾತಾಡಿದರೂ ಸಾಕು, ಅರ್ಧ ಸಂಘ ಆಯಿತು.

ಮೂರನೆಯದು ತುರ್ತಿನದು. 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಹಳೆಯ ಗಣಿ ಕಾಯ್ದೆ, ಕಾರ್ಖಾನೆ ಕಾಯ್ದೆ ಎಲ್ಲ ಅದರೊಳಗೆ ಕರಗಿದವು. ಉಚಿತ ವಾರ್ಷಿಕ ತಪಾಸಣೆಯ ಮಾತು ಅದರಲ್ಲಿದೆ, ಒಳ್ಳೆಯದು. ಆದರೆ 24ನೇ ಸೆಕ್ಷನ್ ಓದಿ. ಆಂಬುಲೆನ್ಸ್ ರೂಮು 500ಕ್ಕಿಂತ ಹೆಚ್ಚು ಜನರಿರುವ ಕಾರ್ಖಾನೆ, ಗಣಿ, ಕಟ್ಟಡ ಕಾಮಗಾರಿಗಳಿಗೆ. ಹಳೆಯ ಕಾಯ್ದೆ 150 ಜನರ ಗಣಿಗೇ ಒಂದು ರೂಮು, ಅದರಲ್ಲೊಬ್ಬ ನರ್ಸ್ ಎಂದಿತ್ತು. 151ರಿಂದ 500ರವರೆಗೆ ಜನರಿರುವ ಗಣಿಗಳ ಗತಿ ಏನು? ಆ ರೂಮಿನಲ್ಲಿ ಯಾರಿರಬೇಕು, ಅವರ ಅರ್ಹತೆ ಏನು? ಇವನ್ನೆಲ್ಲ ನಿಯಮಗಳಿಗೆ ಬಿಟ್ಟಿದ್ದಾರೆ. ನಿಯಮ ಬರೆಯುವ ಟೇಬಲ್ಲಿನ ಸುತ್ತ ಮಾಲೀಕರ ಸಂಘ ಇರುತ್ತದೆ, ಕಾರ್ಮಿಕ ಸಂಘಗಳು ಕೂಗುತ್ತವೆ, ಡಾಕ್ಟರುಗಳ ಸಂಘ ಪತ್ರ ಬರೆಯುತ್ತದೆ. ನರ್ಸ್‌ಗಳ ಪರವಾಗಿ ಯಾರು? ತಮ್ಮ ಹುದ್ದೆಯೇ ಕಾಯ್ದೆಯ ಸಾಲಿನಿಂದ ಜಾರಿಹೋಗುತ್ತಿರುವಾಗ ಸುಮ್ಮನಿರುವ ವೃತ್ತಿ ನರ್ಸಿಂಗ್ ಒಂದೇ ಇರಬೇಕು.

ಈಗ ಕೆಲವರ ಆಕ್ಷೇಪಗಳು.

‘ನರ್ಸ್ ರೋಗ ಪತ್ತೆ ಮಾಡುವಂತಿಲ್ಲ, ಅದು ಡಾಕ್ಟರ ಕೆಲಸ.’ ಸರಿ. ಯಾರೂ ನರ್ಸ್‌ಗೆ ಸಿಲಿಕೋಸಿಸ್ ಎಂದು ಬರೆಯಲು ಹೇಳುತ್ತಿಲ್ಲ. ‘ಈ ಮನುಷ್ಯ ಮೂರು ತಿಂಗಳಲ್ಲಿ ಒಂಬತ್ತು ಸಲ ಕೆಮ್ಮಿಗೆ ಬಂದಿದ್ದಾನೆ’ ಎಂದು ಬರೆಯುವುದು ರೋಗಪತ್ತೆಯಲ್ಲ, ಲೆಕ್ಕ. ಆ ಲೆಕ್ಕ ಡಾಕ್ಟರ ಕೈಗೆ ಹೋಗಬೇಕು ಎಂಬುದಷ್ಟೇ ಬೇಡಿಕೆ.

‘ಅವರು ಕಂಪನಿ ಸ್ಟಾಫ್, ನಮ್ಮವರಲ್ಲ.’ ಇದು ಕಾರ್ಮಿಕ ಸಂಘದ ಗೆಳೆಯರ ಮಾತು. ಅಣ್ಣಂದಿರೇ, ನಿಮ್ಮ ಪುಪ್ಪುಸದ ಲೆಕ್ಕ ಬರೆದುಕೊಂಡು ಕೂತವರು ಅವರೊಬ್ಬರೇ. ಅವರು ಸಂಬಳ ಕಂಪನಿಯಿಂದ ತಗೊಳ್ಳುತ್ತಾರೆ, ನಿಜ. ನೀವೂ ಅಲ್ಲಿಂದಲೇ ತಗೊಳ್ಳುವುದು. ಗಣಿಯ ಸುರಕ್ಷತಾ ಸಮಿತಿಯಲ್ಲಿ ನಿಮ್ಮ ಪ್ರತಿನಿಧಿಗಳಿದ್ದಾರೆ. ಮುಂದಿನ ಸಭೆಗೆ ನರ್ಸ್‌ನ್ನೂ ಕರೆಯಿರಿ ಎಂದು ಕೇಳಲು ನಿಮಗೆ ಖರ್ಚೇನು?

‘ದೊಡ್ಡ ಕಂಪನಿಗಳು ಒಳ್ಳೆ ಆಸ್ಪತ್ರೆಗಳನ್ನೇ ಕಟ್ಟಿವೆಯಲ್ಲ.’ ಕಟ್ಟಿವೆ. ಆದರೆ ಕಾಯಿಲೆ ಆಸ್ಪತ್ರೆ ಇರುವ ದೊಡ್ಡ ಗೇಟಿನೊಳಗೆ ಮಾತ್ರ ಬರುವುದಿಲ್ಲ. ಟಿಪ್ಪರ್ ಓಡಿಸುವವರು, ಲೋಡಿಂಗ್‌ಗೆ ನಿಲ್ಲುವವರು, ಮೂರು ತಿಂಗಳು ಒಂದು ಗುತ್ತಿಗೆದಾರನ ಹತ್ತಿರ, ಮುಂದಿನ ಮೂರು ತಿಂಗಳು ಇನ್ನೊಬ್ಬನ ಹತ್ತಿರ ದುಡಿಯುವವರು ಯಾವ ಆಸ್ಪತ್ರೆಯ ಫೈಲಿನಲ್ಲಿದ್ದಾರೆ? ಇನ್ನೊಂದು ಮಾತು. ಇಎಸ್‌ಐ ಕಾರ್ಡು ಕಾರ್ಖಾನೆಯವರಿಗೆ ಸಿಕ್ಕಿತೇ ಹೊರತು, ಇಎಸ್‌ಐ ಕಾಯ್ದೆ ಗಣಿಗಳನ್ನು ಮೊದಲಿಂದ ಹೊರಗೇ ಇಟ್ಟಿತ್ತು.

ಹೀಗೆ ಕಳೆದುಹೋದವರಲ್ಲಿ ದೊಡ್ಡ ಗುಂಪು ಒಂದಿದೆ. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. 2013ರ ಏಪ್ರಿಲ್ 18ರ ತೀರ್ಪು ‘ಸಿ’ ವರ್ಗದ ಗಣಿಗಳ ಗುತ್ತಿಗೆ ರದ್ದು ಮಾಡಿತು. ಅಕ್ರಮ ನಿಂತದ್ದು ಸರಿಯೇ. ಆದರೆ ಆ ಗಣಿಗಳಲ್ಲಿ ದುಡಿದು ಊರಿಗೆ ಹೋದವರ ಎದೆಯೊಳಗಿನ ದೂಳು ರದ್ದಾಗಲಿಲ್ಲ. ಸಿಲಿಕೋಸಿಸ್ ದೂಳು ಬಿಟ್ಟ ಎಷ್ಟೋ ವರ್ಷದ ಮೇಲೂ ಕಾಣಿಸಿಕೊಳ್ಳುವ ಕಾಯಿಲೆ. ಆ ಜನ ಈಗ ಐವತ್ತರ ಆಜುಬಾಜಿನಲ್ಲಿದ್ದಾರೆ. ತಾಲ್ಲೂಕು ಆಸ್ಪತ್ರೆಗೆ ಹೋದರೆ ಕೇಳುವುದು ‘ಬೀಡಿ ಸೇದ್ತೀಯಾ? ಟಿಬಿ ಇತ್ತಾ?’ ಎಂದು. ‘ಎಲ್ಲಿ ದುಡಿದಿದ್ದೆ?’ ಎಂದು ಕೇಳುವುದು ಅಪರೂಪ. ಗಣಿಯಲ್ಲಿ ಕೆಲಸ ಮಾಡಿದ ನರ್ಸ್‌ಗಳೂ ತಾಲ್ಲೂಕು ಆಸ್ಪತ್ರೆಯ ನರ್ಸ್‌ಗಳೂ ಒಂದೇ ಸಂಘದಲ್ಲಿ ಕೂತಿದ್ದರೆ, ಆ ಒಂದು ಪ್ರಶ್ನೆ ಇಷ್ಟು ಹೊತ್ತಿಗೆ ಓಪಿಡಿ ಚೀಟಿಯ ಮೇಲೆ ಬಂದಿರುತ್ತಿತ್ತು.

ದುಡ್ಡಿಲ್ಲ ಎನ್ನಬೇಡಿ. 2015ರಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನ, ಡಿಎಂಎಫ್, ಬಂತು. ಅದರ ಮಾರ್ಗಸೂಚಿಯೇ ಕನಿಷ್ಠ ಶೇ 60ರಷ್ಟನ್ನು ಕುಡಿಯುವ ನೀರು, ಆರೋಗ್ಯ, ಶಿಕ್ಷಣದಂಥ ಆದ್ಯತೆಯ ಕೆಲಸಗಳಿಗೆ ಇಡಬೇಕು ಎಂದಿತು. ನಮ್ಮ ಜಿಲ್ಲೆಗೆ ಆ ಹಣ ಬರುವುದು ಈ ಗುಡ್ಡಗಳಿಂದಲೇ. ಅದರಿಂದ ಕಟ್ಟಡಗಳು ಏಳುತ್ತವೆ, ಯಂತ್ರ ಬರುತ್ತವೆ, ಫಲಕದಲ್ಲಿ ಹೆಸರು ಕೆತ್ತಿಸಲು ಅನುಕೂಲ. ನರ್ಸ್‌ಗಳಿಗೆ ತರಬೇತಿ ಕೊಡಿಸಿ, ಹಳೆ ಗಣಿ ಕಾರ್ಮಿಕರ ಊರೂರಿಗೆ ಕಳಿಸಿ ಎಂದು ಕೇಳಲು ಯಾವ ಗುತ್ತಿಗೆದಾರನೂ ಬರುವುದಿಲ್ಲ. ಅದನ್ನು ಕೇಳಬೇಕಾದದ್ದು ನರ್ಸ್‌ಗಳ ಸಂಘ.

ಆದ್ದರಿಂದ, ನೇರವಾಗಿ.

ನರ್ಸ್‌ಗಳ ಸಂಘದ ಪದಾಧಿಕಾರಿಗಳೇ, ‘ಸ್ಟಾಫ್ ನರ್ಸ್’ ಎನ್ನಬೇಡಿ, ‘ಶುಶ್ರೂಷಾಧಿಕಾರಿ’ ಎನ್ನಿ ಎಂದು ಹೋರಾಡಿದಿರಿ. ಗೌರವದ ಪ್ರಶ್ನೆ, ಒಪ್ಪಿದೆ. ಹೆಸರಿನಷ್ಟೇ ಗೌರವ ಕೆಲಸಕ್ಕೂ ಬೇಕಲ್ಲವೇ? ಬಳ್ಳಾರಿ, ವಿಜಯನಗರ ಎರಡೂ ಜಿಲ್ಲೆ ಸೇರಿಸಿ ಗಣಿ ಮತ್ತು ಕಾರ್ಖಾನೆ ನರ್ಸ್‌ಗಳಿಗೊಂದು ವಿಭಾಗ ತೆರೆಯಿರಿ. ಗುತ್ತಿಗೆಯವರಿಗೂ ಸದಸ್ಯತ್ವ ಕೊಡಿ. ಚಂದಾ ಕಡಿಮೆ ಇಡಿ. ಹೊಸ ಸಂಹಿತೆಯ ನಿಯಮಗಳಲ್ಲಿ ನರ್ಸ್ ಎಂಬ ಪದ, ಅರ್ಹತೆ, ಸಂಖ್ಯೆ ಇರಲೇಬೇಕು ಎಂದು ಬರೆದು ಕಳಿಸಿ. ಕಾಯಿಲೆಯ ದಾಖಲೆಯ ಪ್ರತಿ ಕಾರ್ಮಿಕನ ಕೈಗೂ ಸಿಗಬೇಕು ಎಂದು ಅದರಲ್ಲೇ ಸೇರಿಸಿ.

ಗಣಿಯಲ್ಲಿ ದುಡಿಯುವ ಸಿಸ್ಟರ್‌ಗಳೇ, ಬ್ರದರ್‌ಗಳೇ, ಅವರು ತೆರೆಯುವವರೆಗೆ ಕಾಯಬೇಡಿ. ಐದು ಜನ ಸಂಡೂರಿನಲ್ಲಿ ಒಂದು ಭಾನುವಾರ ಚಹಾಕ್ಕೆ ಸೇರಿ. ಎಲ್ಲರೂ ಒಂದೇ ರೀತಿ ಬರೆಯುವ ಒಂದು ರಿಜಿಸ್ಟರ್ ನಮೂನೆ ಮಾಡಿಕೊಳ್ಳಿ. ಕೆಮ್ಮಿಗೊಂದು ಕಾಲಂ ಇರಲಿ.

ಇನ್ನು ನಾವು, ಪತ್ರಿಕೋದ್ಯಮ ಓದಿ ಹಳ್ಳಿಗೆ ಮರಳಿದವರು. ಗಣಿ ಎಂದರೆ ನಮಗೆ ಹೆಲಿಕಾಪ್ಟರ್, ರೆಡ್ಡಿಗಳು, ಲೋಕಾಯುಕ್ತ ವರದಿ, ಕೋರ್ಟು. ಅದಿರಿನ ಟನ್ನುಗಳನ್ನು ನಾವು ಬಾಯಿಪಾಠ ಹೇಳಬಲ್ಲೆವು. ಒಂದು ಗಣಿಯಲ್ಲಿ ಎಷ್ಟು ಜನಕ್ಕೆ ಕಿವಿ ಹೋಗಿದೆ ಎಂದು ಕೇಳಿದರೆ ತಡವರಿಸುತ್ತೇವೆ. ಬಳ್ಳಾರಿಯಲ್ಲೇ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ಕಚೇರಿ ಇದೆ. ಎಷ್ಟು ಜನರ ತಪಾಸಣೆ ಆಗಿದೆ, ಎಷ್ಟು ಕಾಯಿಲೆ ವರದಿಯಾಗಿದೆ, ಎಷ್ಟು ರೂಮುಗಳಲ್ಲಿ ನೋಂದಾಯಿತ ನರ್ಸ್ ಇದ್ದಾರೆ ಎಂದು ಮಾಹಿತಿ ಹಕ್ಕಿನ ಅರ್ಜಿ ಹಾಕಲು ಬೇಕಾದದ್ದು ಹತ್ತು ರೂಪಾಯಿ. ನಾನು ಈ ವಾರ ಹಾಕುತ್ತಿದ್ದೇನೆ. ಕಂಪ್ಲಿ, ಹೊಸಪೇಟೆ ಕಡೆಯ ಗೆಳೆಯರು ನಿಮ್ಮ ನಿಮ್ಮ ಕಾರ್ಖಾನೆಗಳ ಬಗ್ಗೆ ಹಾಕಿ. ಉತ್ತರ ಬಂದದ್ದನ್ನೂ ಬಾರದ್ದನ್ನೂ ಇಲ್ಲೇ ಪ್ರಕಟಿಸೋಣ.

ಆ ನರ್ಸಮ್ಮನ ನೋಟ್‌ಬುಕ್ಕಿನಲ್ಲಿ ಇನ್ನು ಹತ್ತಿಪ್ಪತ್ತು ಹಾಳೆ ಮಾತ್ರ ಖಾಲಿ ಇದ್ದವು. ಅದು ತುಂಬುವುದರೊಳಗೆ ‘ಯಾರಿಗೆ ಕೊಡ್ಲಿ?’ ಎಂಬ ಅವರ ಮಾತಿಗೆ ನಾವೊಂದು ವಿಳಾಸ ಹೇಳಬೇಕು.